ಮರಕುಟಿಗನಿಗೆ ಕೊಬ್ಬಿನ ಪಂಜರ ಬೇಕೆ?

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನೆಲಸಿರುವ ನನ್ನ ತಮ್ಮನ ಮಗಳು ಬೇಸಗೆಯಲ್ಲಿ ಚೆನ್ನೈಗೆ, ಅಡ್ಯಾರಿನ ನಮ್ಮ ಮನೆಗೆ ಬಂದಾಗ, ಹಕ್ಕಿಗಳಲ್ಲಿ ನನಗಿರುವ ಪ್ರೀತಿಯನ್ನು ನೆನಪಿನಲ್ಲಿಟ್ಟುಕೊಂಡು, ಅಂಗೈಯಗಲದ ತಂತಿಯ ಪಂಜರವೊಂದನ್ನು ಕಾಣಿಕೆಯಾಗಿ ತಂದಳು. ದನ ಕುರಿಗಳ ಮೂತ್ರಪಿಂಡದ ಸುತ್ತಣ ಗಟ್ಟಿ ಕೊಬ್ಬನ್ನು ಕಾಯಿಸಿ, ಸೋಸಿ, ಕಾಳು ಬೀಜಗಳನ್ನು ಬೆರಸಿ ಇಟ್ಟಿಗೆಯಂತೆ ಎರಕ ಹೊಯ್ದ 'ಸ್ಯೂಯೆಟ್' ಎಂಬ ಆಹಾರವನ್ನು ಅದರೊಳಗಿಟ್ಟು ಹಿತ್ತಿಲಿನಲ್ಲಿ ತೂಗುಹಾಕಿದರೆ ಮರಕುಟಿಗಗಳು ತಾವಾಗಿಯೇ ಬರುವುವೆಂದು ಅವಳ ನಂಬಿಕೆ. "ದೊಡ್ಡಪ್ಪಾ, ಇನ್ನೂ ಎರಡು ಬಗೆ ಸಿಗುತ್ತೆ. ಬಾಲ ಊರೋದಕ್ಕೆ ಕೆಳಗೆ ಹಲಗೆ ಇರೋದು ಒಂದು, ತಲೆಕೆಳಗಾಗಿ ನೇತುಕೊಂಡು ತಿನ್ನೋದು ಇನ್ನೊಂದು. ಇಲ್ಲಿಗೆ ಯಾವುದು ಒಳ್ಳೇದು?" ಎಂದು ಅವಳು ಕೇಳಿದಳು.

ಪ್ರಶ್ನೆ ಅವಳೊಬ್ಬಳದಲ್ಲ. ಹಕ್ಕಿಗಳನ್ನು ಬಳಿಗೆ ಕರೆಯಬೇಕೆಂಬ ಸದಾಶಯವುಳ್ಳ ಅನೇಕ ಗೃಹಸ್ಥರು ಇಂತಹ ಪಂಜರಗಳನ್ನು ಕೊಂಡು ತಂದು, ಯಾವ ಹಕ್ಕಿಯೂ ಬಾರದೆ ನಿರಾಶರಾಗುತ್ತಾರೆ. ಆದಕಾರಣ ಈ ವಿಷಯದಲ್ಲಿ ರೂಢವಾಗಿರುವ ಕೆಲವು ತಪ್ಪು ಕಲ್ಪನೆಗಳನ್ನು ಬಿಡಿಸಿ ನೋಡುವುದು ಉಚಿತವೆಂದು ತೋರುತ್ತದೆ.

ಕೊಬ್ಬು ಮರಕುಟಿಗದ ಸಹಜಾಹಾರ, ಆದುದರಿಂದ ಎಲ್ಲ ದೇಶದ ಮರಕುಟಿಗಗಳಿಗೂ ಅದು ಹಿತ ಎಂಬುದು ಮೊದಲನೆಯ ಕಲ್ಪನೆ. ಮಿಷಿಗನ್ನಿನಲ್ಲಿ ಹಿಮ ಬಿದ್ದು, ತೊಗಟೆಯ ಸಂದುಗಳೆಲ್ಲ ಮಂಜುಗಟ್ಟಿ, ಹಗಲು ಕಿರಿದಾಗಿ, ಗುಬ್ಬಿಗಿಂತ ತುಸು ದೊಡ್ಡದಾದ ಒಂದು ಹಕ್ಕಿ ಹದಿನಾಲ್ಕು ಗಂಟೆಗಳ ಶೀತರಾತ್ರಿಯನ್ನು ತನ್ನ ಮೈಯ ಕಾವಿನಿಂದಲೇ ಕಳೆಯಬೇಕಾಗಿ ಬಂದಾಗ, ಗ್ರಾಮಿಗೆ ಒಂಬತ್ತು ಕ್ಯಾಲೊರಿ ಕೊಡತಕ್ಕ ಕೊಬ್ಬು ಅದಕ್ಕೆ ಪ್ರಾಣಾಧಾರವಾಗುವುದು ನಿಜ. ಬಾಲದ ಹಲಗೆಯೂ ತಲೆಕೆಳಗಿನ ಪಂಜರವೂ ಅಲ್ಲಿನ ಅಗತ್ಯದಿಂದಲೇ ಹುಟ್ಟಿದುವು: ದೊಡ್ಡ ಮರಕುಟಿಗಗಳಿಗೆ ಬಿರುಸಾದ ಬಾಲದ ಗರಿಗಳನ್ನು ಊರಿ ನಿಲ್ಲಲು ಆಸರೆ ಬೇಕು, ಗುಂಪಾಗಿ ಬಂದು ಎಲ್ಲವನ್ನೂ ಮುಗಿಸಿಬಿಡುವ ಸ್ಟಾರ್ಲಿಂಗ್ ಹಕ್ಕಿಗಳಿಗೆ ತಲೆಕೆಳಗಾಗಿ ನೇತಾಡಿ ತಿನ್ನುವುದು ಪ್ರಯಾಸ, ಮರಕುಟಿಗಕ್ಕೆ ಅದು ಸಲೀಸು. ಆದರೆ ಜನವರಿಯ ರಾತ್ರಿಯಲ್ಲಿಯೂ ಉಷ್ಣಮಾನ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಇರುವ, 2003ರ ಮೇ ತಿಂಗಳ ಕೊನೆಯಲ್ಲಿ 45 ಡಿಗ್ರಿಯನ್ನು ಮುಟ್ಟಿದ ಚೆನ್ನೈ ನಗರದಲ್ಲಿ ಈ ಅಗತ್ಯ ಯಾವುದೂ ಇಲ್ಲ. ಇಲ್ಲಿ ಇರುವೆ ಯಾವ ಋತುವಿನಲ್ಲಿಯೂ ಅಡಗುವುದಿಲ್ಲ. ನಮ್ಮ ಹಿತ್ತಿಲಿನ ಹೊಂಬೆನ್ನಿನ ಮರಕುಟಿಗಕ್ಕೆ ಇರುವೆಯೇ ಮುಖ್ಯಾಹಾರ. ಜೊತೆಗೆ ಕೊರಕ ಹುಳುಗಳ ಮರಿ, ಒಮ್ಮೊಮ್ಮೆ ಕಳಿತ ಹಣ್ಣಿನ ತಿರುಳು, ಹೂವಿನ ಮಕರಂದ.

ಸಸ್ಯಾಹಾರಿಗಳ ಮನೆಯಲ್ಲಿ ದನದ ಕೊಬ್ಬಿನ ಮಾತೇ ಬರುವಂತಿಲ್ಲವಾದುದರಿಂದ, ಅದರ ಬದಲು ವನಸ್ಪತಿಯನ್ನೋ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿಯ ಪುಡಿಯೊಡನೆ ಕಲಸಿ ಇಡಬಹುದೆಂಬುದು ಎರಡನೆಯ ಕಲ್ಪನೆ. ಮಗುವಿನ ಆಸೆಯನ್ನು ಮುರಿಯಲಾರದೆ ನಾವೂ ಹಾಗೆಯೇ ಮಾಡಿದೆವು. ಡಬ್ಬಿಯ ವನಸ್ಪತಿಯಲ್ಲಿ ಕಡಲೆಕಾಯಿ ಕುಟ್ಟಿ ಹಾಕಿ, ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ, ಬೆಳಗ್ಗೆ ಏಳಕ್ಕೆ ನುಗ್ಗೆಮರದ ಕೊಂಬೆಗೆ ಕಟ್ಟಿದೆವು. ಒಂಬತ್ತರ ಹೊತ್ತಿಗೆ ಇಟ್ಟಿಗೆಯ ಅಂಚು ಮೆತ್ತಗಾಗಿ ಹೊಳೆಯತೊಡಗಿತು. ಹತ್ತೂವರೆಗೆ ತಂತಿಯಿಂದ ಹನಿಹನಿಯಾಗಿ ತೊಟ್ಟಿಕ್ಕಿ, ಕೆಳಗಿನ ತುಳಸಿಯ ಎಲೆಗಳ ಮೇಲೆ ಎಣ್ಣೆಯ ಪೊರೆ ಕಟ್ಟಿತು. ಬಂದುವು ಎರಡು ಕಾಗೆ, ಮೂರು ಅಳಿಲು. ಸಂಜೆಗೆ ಒಂದು ಹೆಗ್ಗಣ. ಮರಕುಟಿಗ ಬರಲಿಲ್ಲ.

ಬಾರದಿದ್ದುದೇ ಒಳಿತಾಯಿತೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿಗೆ; ಸ್ಯೂಯೆಟ್ ಕರಗಲು 45 ಡಿಗ್ರಿ ಬೇಕಾದರೂ ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗಿ ಜಿಡ್ಡು ಬಿಡುತ್ತದೆ. ಆ ಜಿಡ್ಡು ಎದೆಯ ಗರಿಗಳಿಗೆ ಮೆತ್ತಿದರೆ ಗರಿಗಳು ಅಂಟಿಕೊಂಡು ನೀರು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕಾವು ಕೂರುವ ಹಕ್ಕಿಯ ಎದೆಯಿಂದ ಮೊಟ್ಟೆಗೆ ತಗುಲಿದರೆ ಚಿಪ್ಪಿನ ಸೂಕ್ಷ್ಮರಂಧ್ರಗಳು ಮುಚ್ಚಿ ಒಳಗಿನ ಭ್ರೂಣಕ್ಕೆ ಉಸಿರಿಲ್ಲದಾಗುತ್ತದೆ. ನಮ್ಮ ಮರಕುಟಿಗ ಮರಿಮಾಡತಕ್ಕ ಕಾಲವಾದರೋ ಫೆಬ್ರವರಿಯಿಂದ ಜುಲೈವರೆಗೆ, ಸುಡುಬಿಸಿಲಿನ ತಿಂಗಳುಗಳಲ್ಲಿಯೇ. ಅಮೆರಿಕದಲ್ಲಿಯೂ ತಿಳಿದವರು ಬೇಸಗೆಯಲ್ಲಿ ಹಸಿ ಕೊಬ್ಬನ್ನು ಹೊರಗಿಡುವುದಿಲ್ಲ. ಅಲ್ಲಿಯೇ ಸಲ್ಲದುದು ಇಲ್ಲಿ ಹೇಗೆ ಸಲ್ಲೀತು?

ಹಕ್ಕಿಯ ಗುರುತನ್ನೇ ತಪ್ಪು ತಿಳಿದಿರುವವರೂ ಬಹುಮಂದಿ. ಹುಲ್ಲುಹಾಸಿನ ಮೇಲೆ ನಡೆದಾಡುತ್ತ ಬಾಗಿದ ನೀಳಕೊಕ್ಕನ್ನು ನೆಲಕ್ಕೆ ಚುಚ್ಚಿ ಹುಳು ತೆಗೆಯುವ, ಬೀಸಣಿಗೆಯಂತೆ ಬಿಚ್ಚುವ ಕಿರೀಟವುಳ್ಳ ಚಂದ್ರಮುಕುಟವನ್ನು ತೋರಿಸಿ "ಅಗೋ ಮರಕುಟಿಗ" ಎನ್ನುವುದನ್ನು ಉದ್ಯಾನಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಲದ ತುದಿಯಿಂದ ನಡುಹಗಲೆಲ್ಲ ಟುಕ್ ಟುಕ್ ಎಂದು ಒಂದೇ ಸಮನೆ ಬರುವ ಸದ್ದನ್ನು ಮರ ಕುಟ್ಟುವ ಸದ್ದೆಂದು ಭಾವಿಸುವುದೂ ಹಾಗೆಯೇ. ಅದು ಹಸುರು ಮೈಯ, ಕೆಂಪು ಹಣೆಯ ಕಂಚುಗಾರ ಕುಟ್ರುವಿನ ಕಂಠಧ್ವನಿ. ಸಂಸ್ಕೃತದವರು ದಾರ್ವಾಘಾಟವೆಂದೂ, ನಮ್ಮ ನೆರೆಯ ತಮಿಳರು ಮರಂಕೊತ್ತಿಯೆಂದೂ ಕರೆದ ಹಕ್ಕಿ ಬೇರೆ. ಮೂರು ಭಾಷೆಯ ಹೆಸರಿನಲ್ಲಿಯೂ ಮರವುಂಟು, ಪೆಟ್ಟುಂಟು. ಪಂಜರ ಬಿಚ್ಚಿದ ನಾಲ್ಕನೆಯ ದಿನ ಅದು ಅದೇ ನುಗ್ಗೆಮರಕ್ಕೆ ಬಂದಿತು. ಬುಡದ ಬಳಿ ಅಂಟಿಕೊಂಡು, ಬಾಲವನ್ನು ಊರುಗೋಲಾಗಿ ಒತ್ತಿ, ಜಿಗಿಜಿಗಿದು ಕಾಂಡವನ್ನು ಸುತ್ತುತ್ತ ಮೇಲೇರಿತು. ಬೆನ್ನು ಹೊಸ ಚಿನ್ನದ ಬಣ್ಣ. ನೆತ್ತಿಯ ಮುಂಭಾಗದ ಕಪ್ಪಿನಲ್ಲಿ ಬಿಳಿಯ ಚುಕ್ಕೆ, ಹಿಂದಿನ ಜುಟ್ಟು ಮಾತ್ರ ಕೆಂಪು. ಆದುದರಿಂದ ಹೆಣ್ಣು, ಗಂಡಿನ ನೆತ್ತಿಯೆಲ್ಲ ಕೆಂಪು. ಒಣಗಿದ ಕೊಂಬೆಯ ಮೇಲೆ ಮೂರು ಸಲ ತಟ್ಟಿ, ತಲೆಯನ್ನು ಓರೆ ಮಾಡಿ, ಮತ್ತೆ ಎರಡು ಸಲ ತಟ್ಟಿ, ತೊಗಟೆಯ ಹಕ್ಕಳೆಯನ್ನು ಹಾರಿಸಿತು. ಹೊರಗೆ ಉಕ್ಕಿ ಬಂದ ಕರಿಯಿರುವೆಗಳನ್ನು ನೀಳವಾದ ಜಿಗುಟು ನಾಲಗೆಯಿಂದ ಒರಸಿಕೊಂಡು ಹೋಯಿತು. ಮಗು ಉಸಿರು ಬಿಗಿಹಿಡಿದು ನೋಡಿದಳು.

ಆ ತಲೆಯೊಳಗೆ ಪೆಟ್ಟನ್ನು ಹೀರುವ ಮೆತ್ತೆಯುಂಟೆಂಬ ಮಾತು ಪಾಠಪುಸ್ತಕಗಳವರೆಗೂ ಹಬ್ಬಿದೆ. 2022ರಲ್ಲಿ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ವೇಗದ ಕ್ಯಾಮರಾದಿಂದ ಅಳೆದು ತೋರಿಸಿದುದು ಇದಕ್ಕೆ ವಿರುದ್ಧ: ತಲೆ ಸುತ್ತಿಗೆಯಂತೆ ಬಿಗಿಯಾಗಿಯೇ ಇರುತ್ತದೆ, ಮೆತ್ತೆಯಿದ್ದರೆ ಪೆಟ್ಟಿನ ಬಲವೇ ನಷ್ಟವಾದೀತು, ಮಿದುಳು ಚಿಕ್ಕದಾಗಿರುವುದೇ ಅದಕ್ಕೆ ರಕ್ಷೆ.

ತೆಂಗಿಗೆ ಮರಕುಟಿಗ ಶತ್ರುವೆಂಬ ನಂಬಿಕೆಯಂತೂ ಹಕ್ಕಿಗೆ ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದುದು. ಕೊಕ್ಕಿನ ತೂತನ್ನು ಕಂಡೊಡನೆ ಕವಣೆ ತೆಗೆಯುವವರು, ಕೆಂಪುಮೂತಿ ಹುಳುವಿನ ಮರಿಗಳು ಕಾಂಡದ ಒಳಗನ್ನು ಕಣ್ಣಿಗೆ ಕಾಣದಂತೆ ತಿಂದು ಪೊಳ್ಳುಮಾಡುವುದನ್ನು ಮರೆಯುತ್ತಾರೆ. ರೋಗ ಮೊದಲು, ಹಕ್ಕಿ ಆಮೇಲೆ. ಕೋಕೋ ತೋಟದ ಕಾಯಿಗಳನ್ನು ಅದು ಕೊರೆಯುವುದುಂಟು, ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಚೆನ್ನೈಯ ಹಿತ್ತಿಲುಗಳಲ್ಲಿ ಕೋಕೋ ಎಲ್ಲಿದೆ?

ಹಾಗಾದರೆ ಏನು ತೂಗುಹಾಕಬೇಕು? ಏನನ್ನೂ ಬೇಡ. ಇರುವುದನ್ನು ಕಡಿಯದಿದ್ದರೆ ಸಾಕು. ಗಿಂಡಿಯ ರಾಷ್ಟ್ರೀಯ ಉದ್ಯಾನದಲ್ಲಿಯೂ ಥಿಯಾಸಾಫಿಕಲ್ ಸೊಸೈಟಿಯ ತೋಪಿನಲ್ಲಿಯೂ ಮರಕುಟಿಗಕ್ಕೆ ಯಾರೂ ಪಂಜರ ಕಟ್ಟಿಲ್ಲ. ಅಲ್ಲಿ ಮುದಿಮರಗಳುಂಟು, ಒಣಕೊಂಬೆಗಳುಂಟು, ಗೆದ್ದಲೂ ಇರುವೆಯೂ ಉಂಟು. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ನಗರದ ಸಹಸ್ರಾರು ಮರಗಳನ್ನು ಉರುಳಿಸಿದ ಮೇಲೆ, ಉಳಿದ ಹಳೆಯ ಮರದ ಬೆಲೆ ಇನ್ನೂ ಹೆಚ್ಚಿದೆ. ಮರಕುಟಿಗ ಕೊರೆದ ಪೊಟರೆ ಅದೊಂದಕ್ಕೇ ಸಲ್ಲುವುದೂ ಅಲ್ಲ. ಅದು ಬಿಟ್ಟುಹೋದ ಮನೆಯಲ್ಲಿ ಮೈನಾ, ಗಿಳಿ, ಹಾಲಕ್ಕಿಗೂಬೆಗಳು ಸಂಸಾರ ಹೂಡುತ್ತವೆ. ನೀವು ಇರುವೆಯ ಮದ್ದನ್ನು ಮರದ ಬುಡಕ್ಕೆ ಚೆಲ್ಲಿದಿರಾದರೆ ಅದರ ಊಟದ ತಟ್ಟೆಯನ್ನೇ ಕಸಿದುಕೊಂಡಂತಾಯಿತು.

ಮಗು ಪಂಜರವನ್ನು ತಿರುಗಿ ತನ್ನೂರಿಗೆ ಒಯ್ದಳು. ಅಲ್ಲಿಯ ಹಿಮದಲ್ಲಿ ಅದು ನಿಜವಾಗಿ ಉಪಕಾರಿ. ಇಲ್ಲಿಯ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ: ಒಣಗಿದ ನುಗ್ಗೆಯೋ ತೆಂಗೋ ಮನೆಯ ಮೇಲಾಗಲಿ ದಾರಿಯ ಮೇಲಾಗಲಿ ಬೀಳುವ ಭಯವಿದ್ದರೆ ತುದಿಯನ್ನಷ್ಟೇ ಕತ್ತರಿಸಿ, ಎರಡಾಳೆತ್ತರದ ಕಾಂಡವನ್ನು ನಿಲ್ಲಗೊಡಿ, ಫೆಬ್ರವರಿಯಿಂದ ಜುಲೈವರೆಗೆ ಅದಕ್ಕೂ ಕೈಹಚ್ಚುವ ಮುನ್ನ, ಕಾಂಡದಲ್ಲಿ ದುಂಡನೆಯ ತೂತೇನಾದರೂ ಇದೆಯೇ ಎಂದು ಒಮ್ಮೆ ಸುತ್ತಿ ನೋಡಿ.