ಚಿನ್ನದ ಕಣಕ್ಕೆ ಡಿಎನ್‌ಎ ಕರಡಿಗೆ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆ ಅರಿಶಿನದ ಬೆಳೆಗೆ ಹೆಸರಾದುದು. ಅಲ್ಲಿಯ ಉಡಿಗಾಲದಂತಹ ಊರಿನ ಹೊಲದಲ್ಲಿ ಅಗೆದ ಅರಿಶಿನದ ಗೆಡ್ಡೆಯಲ್ಲಿಯೂ, ಅದನ್ನು ಅಗೆದ ರೈತನ ದೇಹದಲ್ಲಿಯೂ ಒಂದೇ ದ್ರವ್ಯದ ಎಳೆಗಳು ಅಡಗಿವೆ. ಆ ದ್ರವ್ಯವೇ ಡಿಎನ್‌ಎ. ವಂಶದ ಲಕ್ಷಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಒಯ್ಯುವ ಬರಹವೆಂದು ನಾವು ಅದನ್ನು ಬಲ್ಲೆವು. ಆ ಬರಹವನ್ನು ಹೊತ್ತ ಎಳೆಯನ್ನೇ ಕಟ್ಟಡದ ಸಾಮಗ್ರಿಯಾಗಿ ಬಳಸಬಹುದೆಂಬುದು ಇತ್ತೀಚಿನ ವಿಚಾರ.

ಈ ಎಳೆಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಬಗೆಯ ಘಟಕಗಳಿವೆ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಬಂದಾಗ ಎರಡು ಎಳೆಗಳು ಹೆಣೆದುಕೊಳ್ಳುತ್ತವೆ. ಜೋಡಿ ಎಳೆಯ ದಪ್ಪ ಸುಮಾರು 2 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೊಮೀಟರ್. ಕೊಳ್ಳೇಗಾಲದ ಮಗ್ಗದಲ್ಲಿ ರೇಷ್ಮೆಯ ಹಾಸು ಹೊಕ್ಕುಗಳನ್ನು ನೇಕಾರನ ಕೈ ಕೂಡಿಸುತ್ತದೆ. ಇಷ್ಟು ಸಣ್ಣ ಎಳೆಗಳನ್ನು ಹಿಡಿಯುವ ಕೈ ಎಲ್ಲಿದೆ? ಅದರ ಅಗತ್ಯವೂ ಇಲ್ಲ. ತಕ್ಕ ಅಕ್ಷರಕ್ರಮದ ಎಳೆಗಳನ್ನು ಉಪ್ಪುನೀರಿನಲ್ಲಿ ಬೆರೆಸಿ, ಸುಮಾರು 90 ಡಿಗ್ರಿಗೆ ಕಾಯಿಸಿ, ಮೆಲ್ಲನೆ ಆರಿಸಿದರೆ ಪ್ರತಿಯೊಂದು ಎಳೆಯೂ ತನ್ನ ಜೊತೆಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಅಮೆರಿಕದ ನೇಡ್ರಿಯನ್ ಸೀಮನ್ ಎಂಬ ವಿಜ್ಞಾನಿ 1982ರಲ್ಲಿ ಈ ಮಾರ್ಗವನ್ನು ಸೂಚಿಸಿದರು. 1991ರಲ್ಲಿ ಅವರ ಪ್ರಯೋಗಶಾಲೆಯಲ್ಲಿ ಡಿಎನ್‌ಎ ಘನಾಕೃತಿ ಸಿದ್ಧವಾಯಿತು. 1996ರಲ್ಲಿ ಚಾಡ್ ಮಿರ್ಕಿನ್ ಅವರ ತಂಡವು ಚಿನ್ನದ ಕಣಗಳಿಗೆ ಡಿಎನ್‌ಎ ಎಳೆಗಳನ್ನು ಅಂಟಿಸಿ, ಕಣಗಳು ಒಂದುಗೂಡುವಂತೆ ಮಾಡಿತು. 2006ರಲ್ಲಿ ಪಾಲ್ ರಾಥೆಮಂಡ್ ಅವರು ವೈರಸ್ಸೊಂದರ ನೀಳವಾದ ಎಳೆಯನ್ನು ಇನ್ನೂರಕ್ಕೂ ಹೆಚ್ಚು ತುಂಡೆಳೆಗಳ ನೆರವಿನಿಂದ ಮಡಿಸಿ ಬೇಕಾದ ಆಕಾರಗಳನ್ನು ಪಡೆದರು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಪಡೆದ ಯಮುನಾ ಕೃಷ್ಣನ್ ಅವರು ಕೇಂಬ್ರಿಜ್‌ನಲ್ಲಿ ಪದವಿಯ ಅನಂತರದ ಸಂಶೋಧನೆ ನಡೆಸಿ, 2005ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸೇರಿದರು. 2009ರಲ್ಲಿ ಅವರ ತಂಡವು 20 ಮುಖ, 30 ಅಂಚು, 12 ಮೂಲೆಗಳುಳ್ಳ ಡಿಎನ್‌ಎ ಗೂಡೊಂದನ್ನು ಪ್ರಕಟಿಸಿತು. ಕರಡಿಗೆಯ ಎರಡು ಹೋಳುಗಳಂತೆ ಅದರ ಎರಡು ಅರ್ಧಗಳನ್ನು ಬೇರೆಯಾಗಿ ಕಟ್ಟಿ, ಚಿನ್ನದ ಸೂಕ್ಷ್ಮ ಕಣಗಳಿರುವ ದ್ರಾವಣದಲ್ಲಿ ಕೂಡಿಸಿದಾಗ ಕಣಗಳು ಒಳಗೆ ಸೆರೆಯಾದವು.

ಇದರಿಂದ ಮನುಷ್ಯನಿಗೇನು ಪ್ರಯೋಜನ? ಜೀವಕೋಶದಲ್ಲಿ ಲೈಸೋಸೋಮ್ ಎಂಬ ಆಮ್ಲಭರಿತ ಚೀಲಗಳು ಕಸವನ್ನು ಜೀರ್ಣಿಸುತ್ತವೆ. ಹುಟ್ಟಿನಿಂದಲೇ ಈ ಕೆಲಸ ಕೆಟ್ಟಿರುವ ಮಕ್ಕಳಲ್ಲಿ ಕಸ ಕೂಡುತ್ತ ಹೋಗಿ ಅಂಗಾಂಗಗಳೂ ಹಲವು ವೇಳೆ ಮೆದುಳೂ ನವೆಯುತ್ತವೆ. ಆದರೆ ಬದುಕಿರುವ ಕೋಶದೊಳಗಿನ ಇಂತಹ ಚೀಲದ ಸ್ಥಿತಿಯನ್ನು ಅಳೆಯುವುದು ಹೇಗೆ? ಸಿ ಅಕ್ಷರ ಹೇರಳವಾಗಿರುವ ಎಳೆಗಳು ಆಮ್ಲದಲ್ಲಿ ತಮ್ಮೊಳಗೇ ಮಡಿಸಿಕೊಳ್ಳುತ್ತವೆ. ಈ ಗುಣದಿಂದ ಯಮುನಾ ಅವರ ತಂಡವು 2009ರಲ್ಲಿ ಒಂದು ಕೀಲನ್ನು ರಚಿಸಿತು. ಆಮ್ಲ ಹೆಚ್ಚಿದಂತೆ ಕೀಲು ಮುಚ್ಚಿ, ಅದಕ್ಕಂಟಿಸಿದ ಎರಡು ವರ್ಣದ್ರವ್ಯಗಳು ಹತ್ತಿರವಾಗಿ, ಹೊಳಪಿನ ಬಣ್ಣ ಬದಲಾಗುತ್ತದೆ. ಮೊದಲು ಹಣ್ಣುನೊಣದ ಕೋಶಗಳಲ್ಲಿ, 2011ರಲ್ಲಿ ಜೀವಂತ ಹುಳುವಿನಲ್ಲಿ ಅದು ಕೆಲಸಮಾಡಿತು. ಯಮುನಾ ಅವರು 2014ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಇಂತಹ ಡಿಎನ್‌ಎ ಮಾಪಕದಿಂದಲೇ, ಲೈಸೋಸೋಮಿನ ಕೆಲಸಕ್ಕೆ ಕ್ಲೋರೈಡ್ ಹೇರಳವಾಗಿರಬೇಕೆಂಬುದನ್ನು 2017ರಲ್ಲಿ ಅವರ ತಂಡವು ತೋರಿಸಿತು.

ಅಡ್ಡಿಗಳೂ ಉಂಟು. ದೇಹದ ಕಿಣ್ವಗಳು ಡಿಎನ್‌ಎಯನ್ನು ಕತ್ತರಿಸುತ್ತವೆ. ಕೃತಕವಾಗಿ ತಯಾರಿಸಿದ ಎಳೆಗಳು ದುಬಾರಿ. ಎಳೆಗಳ ಅಕ್ಷರಕ್ರಮವನ್ನು ಯೋಚಿಸುವುದು, ಬೆರೆಸಿ ಕಾಯಿಸುವುದು, ಕೂಡಿದ್ದು ಸರಿಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಸರಿಯಿಲ್ಲದಿದ್ದರೆ ಮತ್ತೆ ಮೊದಲಿನಿಂದ ತೊಡಗುವುದು: ಪಿಎಚ್‌.ಡಿ. ಮುಗಿಸಿ ಈ ಕ್ಷೇತ್ರಕ್ಕೆ ಬಂದ ತರುಣರ ದಿನಚರಿ ಇಂತಹುದು. ಕೂಡಿಕೊಳ್ಳುವ ಗುಣವನ್ನು ಎಳೆಗಳಿಗೆ ಪ್ರಕೃತಿಯೇ ಕೊಟ್ಟಿದೆ. ಯಾವುದಕ್ಕೆ ಯಾವುದು ಕೂಡಬೇಕೆಂದು ತೀರ್ಮಾನಿಸುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.