ಅಮೆರಿಕಾದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾಲಯಗಳ ಸರ್ಕಾರಿ ಮೋಜಣಿ

ಒಳ್ಳೆಯ ಬಿತ್ತನೆಯ ಬೀಜವೂ, ಬೆಳೆಯ ರೋಗಕ್ಕೆ ಮದ್ದೂ, ದನಗಳ ಬೇನೆಗೆ ಚುಚ್ಚುಮದ್ದೂ ರೈತನ ಕೈಗೆ ಬರುವುದು ಡಿಪೋವಿನಿಂದಲೇ ಆದರೂ, ಅವು ಹುಟ್ಟುವ ಸ್ಥಳವು ಬೇರೆ. ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹುಟ್ಟಿಸಿದ ಡಾ. ಲಕ್ಷ್ಮಣಯ್ಯನವರ ಕೆಲಸವು ಮಂಡ್ಯದ ಬಳಿಯ ವಿ. ಸಿ. ಫಾರಮಿನಲ್ಲಿ ನಡೆಯಿತು. ಅದಕ್ಕೆ ಭೂಮಿ ಬೇಕಾಯಿತು, ಕಟ್ಟಡ ಬೇಕಾಯಿತು, ಉಪಕರಣಗಳು ಬೇಕಾದುವು. ಪಂಡಿತನು ಎಷ್ಟೇ ಬುದ್ಧಿವಂತನಾಗಿದ್ದರೂ ಸೋರುವ ಮಾಡಿನ ಕೆಳಗೆ ಸೂಕ್ಷ್ಮವಾದ ಪರೀಕ್ಷೆಗಳನ್ನು ನಡೆಸಲಾರನು. ಆದಕಾರಣ ಒಂದು ದೇಶದಲ್ಲಿ ಸಂಶೋಧನೆಗೆ ತಕ್ಕ ಸ್ಥಳವು ಎಷ್ಟಿದೆ, ಅದು ಯಾವ ಸ್ಥಿತಿಯಲ್ಲಿದೆ, ದುರಸ್ತಿಗೆ ಎಷ್ಟು ಹಣ ಬೇಕು ಎಂಬ ಲೆಕ್ಕವನ್ನು ಆ ದೇಶದ ಸರ್ಕಾರವು ಇಟ್ಟುಕೊಳ್ಳುವುದು ಯುಕ್ತವಾದ ಕಾರ್ಯವೇ ಸರಿ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇಂತಹ ಲೆಕ್ಕವು 1986ನೆಯ ಇಸವಿಯಿಂದ ನಡೆದುಬಂದಿದೆ. ಅದರ ಕ್ರಮವನ್ನೂ ಫಲವನ್ನೂ ಲೋಪಗಳನ್ನೂ ಗ್ರಾಮಪ್ರಮುಖರ ಮತ್ತು ಭೂಮಾಲೀಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಮೋಜಣಿಯ ಮೂಲ

ಅಮೆರಿಕಾದಲ್ಲಿ ವಿಶ್ವವಿದ್ಯಾಲಯಗಳಿಗೂ ಬೇಸಾಯಕ್ಕೂ ಇರುವ ನಂಟು ಹಳೆಯದು. 1862ರಲ್ಲಿ ಆದ ಮಾರಿಲ್ ಶಾಸನದ ಪ್ರಕಾರ, ಒಂದೊಂದು ಸಂಸ್ಥಾನಕ್ಕೂ ಅದರ ಕಾಂಗ್ರೆಸ್ ಸದಸ್ಯರ ಸಂಖ್ಯೆಗೆ ತಕ್ಕಂತೆ ತಲಾ 30,000 ಎಕರೆ ಸರ್ಕಾರಿ ಭೂಮಿಯು ಕೊಡಲ್ಪಟ್ಟು, ಆ ಭೂಮಿಯ ವಿಕ್ರಯದಿಂದ ಬಂದ ಹಣದಿಂದ ವ್ಯವಸಾಯವನ್ನೂ ಯಂತ್ರಶಾಸ್ತ್ರವನ್ನೂ ಕಲಿಸುವ ಕಾಲೇಜುಗಳು ಏರ್ಪಟ್ಟುವು. 1887ರ ಹ್ಯಾಚ್ ಶಾಸನದಿಂದ ಪ್ರತಿ ಸಂಸ್ಥಾನದಲ್ಲಿಯೂ ವ್ಯವಸಾಯದ ಪ್ರಯೋಗಕ್ಷೇತ್ರಕ್ಕೆ ವರ್ಷಕ್ಕೆ 15,000 ಡಾಲರುಗಳ ನೆರವು ದೊರೆಯಿತು. ಎರಡನೆಯ ಮಹಾಯುದ್ಧದ ತರುವಾಯ, 1950ರಲ್ಲಿ, ನ್ಯಾಷನಲ್ ಸೈನ್ಸ್ ಫೌಂಡೇಷನ್ ಎಂಬ ಸರ್ಕಾರಿ ಸಂಸ್ಥೆಯು ಸ್ಥಾಪಿತವಾಯಿತು. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಎಂಬ ಕೃತಕ ಉಪಗ್ರಹವನ್ನು ಆಕಾಶಕ್ಕೆ ಹಾರಿಸಲು, ಅಮೆರಿಕಾದವರು ಎಚ್ಚೆತ್ತು, 1960ರ ದಶಕದಲ್ಲಿ ಪ್ರಯೋಗಶಾಲೆಗಳ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರದಿಂದ ಧಾರಾಳವಾಗಿ ಹಣವನ್ನು ಕೊಟ್ಟರು.

1970ರ ದಶಕದಲ್ಲಿ ಈ ಧಾರಾಳವು ಕುಗ್ಗಿತು. ಕಟ್ಟಡಗಳಿಗೆ ವಯಸ್ಸಾಗುತ್ತ ಬಂದಿತು. ಹೊಸ ಉಪಕರಣಗಳಿಗೆ ಬೇಕಾದ ವಿದ್ಯುಚ್ಛಕ್ತಿ, ಗಾಳಿಯ ಸಂಚಾರ, ಶೈತ್ಯ ಇವುಗಳಿಗೆ ಹಳೆಯ ಕೊಠಡಿಗಳು ಒಗ್ಗದೆ ಹೋದುವು. ಪ್ರತಿ ವಿಶ್ವವಿದ್ಯಾಲಯವೂ ತನ್ನ ಪ್ರಯೋಗಶಾಲೆಗಳು ಶಿಥಿಲವಾಗಿವೆಯೆಂದು ಮೊರೆಯಿಟ್ಟಿತು. ಆದರೆ ಇಡೀ ದೇಶದಲ್ಲಿ ಇರುವುದೆಷ್ಟು, ಶಿಥಿಲವಾದುದೆಷ್ಟು ಎಂದು ಕೇಳಿದರೆ ಯಾರಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ. ಆಗ ಅಲ್ಲಿನ ಕಾಂಗ್ರೆಸ್ಸು 1985ರಲ್ಲಿ ಮಾಡಿದ ಶಾಸನದಿಂದ, ಎರಡು ವರ್ಷಗಳಿಗೊಮ್ಮೆ ಈ ಲೆಕ್ಕವನ್ನು ತೆಗೆದು ಒಪ್ಪಿಸಬೇಕೆಂದು ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ವಿಧಿಸಿತು. ಮೊದಲನೆಯ ಮೋಜಣಿಯು 1986ರಲ್ಲಿ ನಡೆಯಿತು.

ಅಳತೆಯ ಕ್ರಮ

ಸಂಶೋಧನೆಗಾಗಿ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳಿಗೆ ಕಡಮೆಯಿಲ್ಲದಂತೆ ವೆಚ್ಚಮಾಡುವ ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಈ ಮೋಜಣಿಗೆ ಒಳಪಡುತ್ತವೆ. ಇಂತಹವು ಈಚಿನ ವರ್ಷಗಳಲ್ಲಿ ಐನೂರಕ್ಕೂ ಮೇಲ್ಪಟ್ಟು ಇವೆ. ಸರ್ಕಾರದ ಅಮಲ್ದಾರರು ಹೋಗಿ ಸರಪಣಿ ಹಿಡಿದು ಅಳೆಯುವುದಿಲ್ಲ. ಪ್ರಶ್ನೆಗಳ ಪಟ್ಟಿಯು ವಿಶ್ವವಿದ್ಯಾಲಯದ ಮುಖ್ಯಾಧಿಕಾರಿಗೆ ಕಳುಹಿಸಲ್ಪಡುವುದು. ಆತನು ಒಬ್ಬ ನೌಕರನನ್ನು ನೇಮಿಸಿ, ಕಟ್ಟಡಗಳ ದಫ್ತರುಗಳಿಂದಲೂ ಶಾಖೆಗಳ ಮುಖ್ಯಸ್ಥರಿಂದಲೂ ವಿವರಗಳನ್ನು ಕೂಡಿಸಿ ಪಟ್ಟಿಯನ್ನು ತುಂಬಿಸತಕ್ಕದ್ದು.

ಅಳತೆಗೆ ಹಿಡಿಯುವುದು ನಿವ್ವಳ ಸ್ಥಳವನ್ನು. ಗೋಡೆಗಳ ಒಳಮೈಯಿಂದ ಅಳೆದು, ಒಂದು ಗೊತ್ತಾದ ಕೆಲಸಕ್ಕೆ ಒಪ್ಪಿಸಬಹುದಾದ ನೆಲವನ್ನು ಮಾತ್ರ ಚದರ ಅಡಿಗಳಲ್ಲಿ ಬರೆಯತಕ್ಕದ್ದು. ಓಣಿಗಳು, ಮೆಟ್ಟಿಲುಗಳು, ಶೌಚಗೃಹಗಳು, ಯಂತ್ರಗಳ ಕೋಣೆಗಳು ಲೆಕ್ಕಕ್ಕೆ ಬರುವುದಿಲ್ಲ. ಇದು ಭೂಮಾಲೀಕರಿಗೆ ಹೊಸದಾದ ವಿಚಾರವಲ್ಲ. ಪಹಣಿಯಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಿಂದ ಖರಾಬನ್ನು ಕಳೆದು, ಉಳಿದ ಸಾಗುವಳಿ ಭೂಮಿಗೆ ಕಂದಾಯವನ್ನು ಕಟ್ಟುವಂತೆಯೇ ಇಲ್ಲಿಯೂ ಕಟ್ಟಡದ ಖರಾಬನ್ನು ಕಳೆದು ಸಂಶೋಧನೆಯ ಸಾಗುವಳಿ ನಡೆಯುವ ನೆಲವನ್ನು ಹಿಡಿಯುತ್ತಾರೆ. ಒಂದೇ ಕೊಠಡಿಯು ಅರ್ಧ ಕಾಲ ಪಾಠಕ್ಕೂ ಅರ್ಧ ಕಾಲ ಸಂಶೋಧನೆಗೂ ಉಪಯೋಗವಾಗುತ್ತಿದ್ದರೆ ಅದರಲ್ಲಿ ಅರ್ಧವನ್ನು ಮಾತ್ರ ಬರೆಯಬೇಕು. ಬಾಡಿಗೆಗೆ ಹಿಡಿದ ಸ್ಥಳವೂ ಸೇರುತ್ತದೆ.

ಹೀಗೆ ಅಳೆದ ಸ್ಥಳವನ್ನು ಜೀವಶಾಸ್ತ್ರ, ಯಂತ್ರಶಾಸ್ತ್ರ, ವೈದ್ಯ, ವ್ಯವಸಾಯ, ಭೌತಶಾಸ್ತ್ರ ಮೊದಲಾದ ವಿಷಯಗಳಾಗಿ ವಿಂಗಡಿಸುತ್ತಾರೆ. 1988ರಲ್ಲಿ ಒಟ್ಟು ಮೊತ್ತವು ಸುಮಾರು 11 ಕೋಟಿ 20 ಲಕ್ಷ ಚದರ ಅಡಿಗಳಾಗಿದ್ದಿತು. 2013ರ ವೇಳೆಗೆ ಅದು 20 ಕೋಟಿಯನ್ನು ಮೀರಿತ್ತು. ಎಕರೆಗೆ 43,560 ಚದರ ಅಡಿಯಂತೆ ಎಣಿಸಿದರೆ 20 ಕೋಟಿ ಎಂಬುದು ಸುಮಾರು 4,590 ಎಕರೆ ನೆಲವಾಗುವುದು. ಒಂದು ದೊಡ್ಡ ಕೆರೆಯ ಅಚ್ಚುಕಟ್ಟಿನಷ್ಟು ಸ್ಥಳವೆಲ್ಲವೂ ಮಾಡಿನ ಕೆಳಗಿದೆಯೆಂದು ಭಾವಿಸಬಹುದು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಜೀವಶಾಸ್ತ್ರಕ್ಕೆ ಸೇರಿದ್ದು, ಅದು ಒಟ್ಟಿನ ಕಾಲುಭಾಗದಷ್ಟಾಗುತ್ತದೆ.

ಸ್ಥಿತಿಯ ವರ್ಗಗಳು

ವಿಸ್ತೀರ್ಣವೊಂದನ್ನೇ ತಿಳಿದರೆ ಸಾಲದು. ಮಣ್ಣಿನ ಗುಣವನ್ನು ನೋಡದೆ ಭೂಮಿಯ ಬೆಲೆ ಕಟ್ಟಲಾಗದಷ್ಟೆ. ಆದ್ದರಿಂದ ಸ್ಥಳವು ಎಂತಹುದೆಂಬುದನ್ನೂ ಕೇಳಲಾಗುತ್ತದೆ. ಈಚಿನ ಮೋಜಣಿಗಳಲ್ಲಿ ನಾಲ್ಕು ವರ್ಗಗಳನ್ನು ಮಾಡಿದ್ದಾರೆ: ಅತ್ಯುತ್ತಮವಾದುದು, ಸಾಕಷ್ಟು ತೃಪ್ತಿಕರವಾದುದು, ನವೀಕರಣ ಮಾಡಬೇಕಾದುದು, ಕೆಡವಿ ಬೇರೆ ಕಟ್ಟಬೇಕಾದುದು. ಇದಲ್ಲದೆ ಹೊಸದಾಗಿ ಕಟ್ಟಿಸಿದ ಸ್ಥಳವೆಷ್ಟು, ಅದಕ್ಕೆ ತಗುಲಿದ ವೆಚ್ಚವೆಷ್ಟು, ದುರಸ್ತಿಗೆ ವ್ಯಯವಾದುದೆಷ್ಟು, ಮುಂದಿನ ಎರಡು ವರ್ಷಗಳಲ್ಲಿ ಪ್ರಾರಂಭವಾಗತಕ್ಕ ಕೆಲಸಗಳೆಷ್ಟು, ಹಣವಿಲ್ಲದೆ ಮುಂದಕ್ಕೆ ಹಾಕಿದವುಗಳೆಷ್ಟು ಎಂಬ ಪ್ರಶ್ನೆಗಳೂ ಇವೆ. ಪ್ರಯೋಗಕ್ಕಾಗಿ ಸಾಕುವ ಪ್ರಾಣಿಗಳ ಸ್ಥಳಕ್ಕೆ ಬೇರೆ ಲೆಕ್ಕವುಂಟು. 2003ರಲ್ಲಿ ಮೋಜಣಿಯನ್ನು ಪುನಃ ರಚಿಸಿದಾಗ ಗಣಕಯಂತ್ರಗಳ ಸೌಕರ್ಯವನ್ನು ಕುರಿತ ಪ್ರಶ್ನೆಗಳನ್ನೂ ಸೇರಿಸಲಾಯಿತು.

ಹಣದ ಮೂಲ

ಕಟ್ಟಡಗಳಿಗೆ ಹಣವು ಎಲ್ಲಿಂದ ಬರುತ್ತದೆಂಬುದು ಈ ಮೋಜಣಿಯಿಂದ ಬಯಲಾದ ಮುಖ್ಯ ಸಂಗತಿಗಳಲ್ಲಿ ಒಂದು. ಸಂಶೋಧನೆಯ ದಿನದಿನದ ವೆಚ್ಚಕ್ಕೆ ಹೆಚ್ಚು ಹಣವನ್ನು ಕೊಡುವುದು ಕೇಂದ್ರ ಸರ್ಕಾರ. ಹೊಸ ಕಟ್ಟಡಗಳಿಗೆ ಸಾಮಾನ್ಯವಾಗಿ ಅತಿ ಕಡಮೆ ಕೊಡುವುದೂ ಕೇಂದ್ರ ಸರ್ಕಾರವೇ. ದೊಡ್ಡ ಪಾಲನ್ನು ವಿಶ್ವವಿದ್ಯಾಲಯಗಳು ಸ್ವಂತ ನಿಧಿ, ಸಾಲ, ದಾನ ಇವುಗಳಿಂದ ಹೊಂದಿಸುತ್ತವೆ. ಅದರ ತರುವಾಯ ಸಂಸ್ಥಾನಗಳ ಸರ್ಕಾರಗಳು ಬರುತ್ತವೆ. ಬೀಜಕ್ಕೂ ಕೂಲಿಗೂ ಸಾಲವನ್ನು ಕೊಟ್ಟು, ಬಾವಿ ತೋಡಿಸುವ ವೆಚ್ಚವನ್ನು ರೈತನ ಮೇಲೆಯೇ ಬಿಟ್ಟಂತಾಯಿತು. ಸ್ಥಿತಿವಂತನು ಬಾವಿಯನ್ನು ತೋಡಿಸಿಕೊಳ್ಳುವನು, ಬಡವನು ಮಳೆಯನ್ನು ನಂಬಿ ಕೂರುವನು. ಈ ಕೊರತೆಯನ್ನು ತಿದ್ದುವುದಕ್ಕಾಗಿ 1988ರಲ್ಲಿ ಪ್ರಯೋಗಶಾಲೆಗಳ ನವೀಕರಣಕ್ಕೆಂದೇ ಒಂದು ಶಾಸನವಾಯಿತು. 2009ರಲ್ಲಿ ಆರ್ಥಿಕ ಮುಗ್ಗಟ್ಟಿನ ಪರಿಹಾರಾರ್ಥವಾಗಿ ಮಂಜೂರಾದ ಹಣದಲ್ಲಿ 20 ಕೋಟಿ ಡಾಲರುಗಳನ್ನು ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಮೂಲಕ ಇಂತಹ ದುರಸ್ತಿಗಳಿಗೆ ಮೀಸಲಿಟ್ಟರು.

ಮುಂದಕ್ಕೆ ಹಾಕಿದ ದುರಸ್ತಿ

1998ರ ಮೋಜಣಿಯಲ್ಲಿ ವಿಶ್ವವಿದ್ಯಾಲಯಗಳು ಕೊಟ್ಟ ಲೆಕ್ಕದ ಪ್ರಕಾರ, ಹಣವಿಲ್ಲದೆ ಮುಂದಕ್ಕೆ ಹಾಕಿದ ಹೊಸ ಕಟ್ಟಡಗಳಿಗೆ ಸುಮಾರು 700 ಕೋಟಿ ಡಾಲರುಗಳೂ, ದುರಸ್ತಿಗಳಿಗೆ ಸುಮಾರು 440 ಕೋಟಿ ಡಾಲರುಗಳೂ ಬೇಕಾಗಿದ್ದುವು. ಇಂತಹ ಅಂಕಿಯನ್ನು ಓದುವಾಗ ಒಂದು ವಿಷಯವನ್ನು ಗಮನದಲ್ಲಿಡಬೇಕು. ಹೊಸ ಕಟ್ಟಡವನ್ನು ಕಟ್ಟಿಸದೆ ಬಿಟ್ಟರೆ ಆಗುವ ನಷ್ಟವು ಇದ್ದಷ್ಟೇ ಇರುವುದು. ಹಳೆಯದರ ದುರಸ್ತಿಯನ್ನು ಬಿಟ್ಟರೆ ನಷ್ಟವು ವರ್ಷೇವರ್ಷೇ ಬೆಳೆಯುವುದು. ಕೆರೆಯ ಏರಿಯಲ್ಲಿ ಬಿದ್ದ ಬಿಲವನ್ನು ಈ ವರ್ಷ ನಾಲ್ಕು ಗಾಡಿ ಮಣ್ಣಿನಿಂದ ಮುಚ್ಚಬಹುದು. ಬಿಟ್ಟರೆ ಮುಂದಿನ ಮುಂಗಾರಿನಲ್ಲಿ ಏರಿಯೇ ಒಡೆಯುವುದು.

ವ್ಯವಸಾಯ ಸಂಶೋಧನೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ. ಅಮೆರಿಕಾದ ವಿಶ್ವವಿದ್ಯಾಲಯಗಳ ಸಂಘವು 2015ರಲ್ಲಿ ವ್ಯವಸಾಯ ಕಾಲೇಜುಗಳ ಕಟ್ಟಡಗಳನ್ನು ಬೇರೆಯಾಗಿ ಪರಿಶೀಲನೆ ಮಾಡಿಸಿದಾಗ, ಬಾಕಿಯಿದ್ದ ದುರಸ್ತಿಯು 840 ಕೋಟಿ ಡಾಲರುಗಳೆಂದು ತಿಳಿದುಬಂದಿತು. 2021ರಲ್ಲಿ ಪುನಃ ಪರಿಶೀಲಿಸಿದಾಗ ಅದೇ ಬಾಕಿಯು 1,150 ಕೋಟಿಗೆ ಏರಿದ್ದಿತು. ಆರು ವರ್ಷಗಳಲ್ಲಿ ಮುನ್ನೂರು ಕೋಟಿಗೂ ಮೇಲ್ಪಟ್ಟು ಬೆಳೆದ ಈ ಬಾಕಿಯಲ್ಲಿ ಹಸಿರುಮನೆಗಳೂ, ಹಾಲಿನ ಪರೀಕ್ಷೆಯ ಕೊಠಡಿಗಳೂ, ದನಗಳ ಕೊಟ್ಟಿಗೆಗಳೂ ಸೇರಿವೆ. ಹಸಿರುಮನೆಯ ಶಾಖವು ಕೆಟ್ಟ ಒಂದು ರಾತ್ರಿಯಲ್ಲಿ ಹಲವು ವರ್ಷಗಳಿಂದ ಬೆಳೆಸಿದ ತಳಿಯು ನಾಶವಾಗಬಹುದು. ಅದರ ಫಲವನ್ನು ಕಾಣದೆ ಹೋಗುವವನು ದೂರದ ಹೊಲದಲ್ಲಿರುವ ರೈತನು.

ಲೆಕ್ಕದ ಸತ್ಯಾಸತ್ಯ

ತನ್ನ ಲೆಕ್ಕವನ್ನು ತಾನೇ ಬರೆದುಕೊಡುವ ಈ ಕ್ರಮದಲ್ಲಿ ಎರಡು ಬಗೆಯ ಆಸೆಗಳು ಒಂದಕ್ಕೊಂದು ವಿರುದ್ಧವಾಗಿ ಎಳೆಯುತ್ತವೆ. ಸಹಾಯಧನವು ಬರಲೆಂದು ಕಟ್ಟಡವು ಬಹಳ ಶಿಥಿಲವಾಗಿದೆಯೆಂದು ಬರೆಯಬಹುದು. ವಿದ್ಯಾರ್ಥಿಗಳೂ ದಾನಿಗಳೂ ಹಿಂದೆಗೆಯುವರೆಂಬ ಭಯದಿಂದ ಎಲ್ಲವೂ ಅತ್ಯುತ್ತಮವಾಗಿದೆಯೆಂದೂ ಬರೆಯಬಹುದು. ಅದಲ್ಲದೆ, ತೃಪ್ತಿಕರ ಎಂಬ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥವನ್ನು ಮಾಡುವರು.

ಇನ್ನೊಂದು ತೊಡಕೂ ಉಂಟು. ಅಮೆರಿಕಾದ ಸರ್ಕಾರವು ಒಂದು ಸಂಶೋಧನೆಗೆ ಹಣ ಕೊಡುವಾಗ, ನೇರವಾದ ವೆಚ್ಚದ ಮೇಲೆ ಕಟ್ಟಡ, ದೀಪ, ನೀರು, ಕಚೇರಿ ಇವುಗಳ ಬಾಬ್ತು ಒಂದು ದರದಂತೆ ಹೆಚ್ಚು ಹಣವನ್ನೂ ಕೊಡುತ್ತದೆ. ಕಟ್ಟಡದ ಬಾಬ್ತಿನ ದರವು ಸಂಶೋಧನೆಗೆ ಬಳಸಿದ ಸ್ಥಳವನ್ನು ಅನುಸರಿಸುವುದು. ಈ ಮೋಜಣಿಯಿಂದ ಆ ದರವು ಗೊತ್ತಾಗುವುದಿಲ್ಲವಾದರೂ, ಪಾಠದ ಕೊಠಡಿಯನ್ನು ಸಂಶೋಧನೆಯದೆಂದು ತೋರಿಸಿದಷ್ಟೂ ವಿಶ್ವವಿದ್ಯಾಲಯಕ್ಕೆ ಲಾಭವುಂಟೆಂಬುದನ್ನು ಮರೆಯಲಾಗದು. ಈ ಬಾಬ್ತುಗಳನ್ನು ಕುರಿತು ದೊಡ್ಡ ಚರ್ಚೆಯಾಗಿ, 1991ರಲ್ಲಿ ಕಚೇರಿಯ ಬಾಬ್ತು ಶೇಕಡ 26ನ್ನು ಮೀರಕೂಡದೆಂದು ಸರ್ಕಾರವು ಕಟ್ಟುಮಾಡಿತು. 2025ರ ಫೆಬ್ರವರಿಯಲ್ಲಿ ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆಯು ಕಟ್ಟಡವೂ ಕಚೇರಿಯೂ ಸೇರಿ ಶೇಕಡ 15ನ್ನು ಮಾತ್ರ ಕೊಡುವುದಾಗಿ ಪ್ರಕಟಿಸಲು, ನ್ಯಾಯಾಲಯವು ಅದನ್ನು ತಡೆಯಿತು. ಇಂತಹ ವಿವಾದಗಳಲ್ಲಿ, ಸ್ಥಳವೆಷ್ಟು, ಅದರ ವೆಚ್ಚವೆಷ್ಟು ಎಂಬುದಕ್ಕೆ ಎರಡು ಪಕ್ಷದವರೂ ಒಪ್ಪುವ ಹಳೆಯ ಲೆಕ್ಕವೊಂದು ಇರುವುದು ಬಹಳ ಪ್ರಯೋಜನಕರವಾದುದು. ಒಂದೇ ಅಳತೆಯಿಂದ, ಒಂದೇ ಪ್ರಶ್ನೆಗಳಿಂದ, ವರ್ಷಗಳ ಮೇಲೆ ವರ್ಷ ತೆಗೆದ ಲೆಕ್ಕದಲ್ಲಿ ಒಬ್ಬನ ಉತ್ಪ್ರೇಕ್ಷೆಯು ಹೆಚ್ಚು ಕಾಲ ಮರೆಯಾಗಿರಲಾರದು.

ನಮ್ಮ ನಾಡಿಗೆ ಇದರ ಸಂಬಂಧ

ಮೈಸೂರು ಸೀಮೆಯಲ್ಲಿ 1899ರಲ್ಲಿ ಮಹಾರಾಣಿ ರೀಜೆಂಟರವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗಕ್ಷೇತ್ರಕ್ಕಾಗಿ ದಯಪಾಲಿಸಿದುದರಿಂದ ವ್ಯವಸಾಯ ಸಂಶೋಧನೆಗೆ ನೆಲೆಯಾಯಿತು. ಅದೇ ಸ್ಥಳದ ಆಧಾರದ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1964ರಲ್ಲಿ ಪ್ರಾರಂಭವಾಯಿತು. ಪಾಠ, ಸಂಶೋಧನೆ, ಪ್ರಚಾರ ಮೂರೂ ಒಂದೇ ಸಂಸ್ಥೆಯಲ್ಲಿರಬೇಕೆಂಬ ಅದರ ಮಾದರಿಯು ಅಮೆರಿಕಾದ ಭೂದಾನ ಕಾಲೇಜುಗಳದು. ಟೆನೆಸೀ ವಿಶ್ವವಿದ್ಯಾಲಯದವರು ಅದರ ಬೆಳವಣಿಗೆಗೆ ನೆರವಾದರು. ಮಾದರಿಯನ್ನು ತೆಗೆದುಕೊಂಡವರು ಅದರ ಲೆಕ್ಕದ ಪದ್ಧತಿಯನ್ನೂ ತಿಳಿದಿರುವುದು ಒಳ್ಳೆಯದು.

ಗ್ರಾಮಪ್ರಮುಖರು ಇದರಿಂದ ಗ್ರಹಿಸತಕ್ಕ ವಿಷಯಗಳು ಮೂರು. ಮೊದಲನೆಯದು, ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಕ್ಷೇತ್ರೋತ್ಸವಕ್ಕಾಗಿ ಹೋದಾಗ ಬೆಳೆಯನ್ನು ನೋಡುವುದರ ಜೊತೆಗೆ ಬೀಜದ ಉಗ್ರಾಣ, ಮಣ್ಣು ಪರೀಕ್ಷೆಯ ಕೊಠಡಿ, ನೀರಿನ ಅನುಕೂಲ ಇವುಗಳ ಸ್ಥಿತಿಯನ್ನೂ ವಿಚಾರಿಸುವುದು. ಎರಡನೆಯದು, ಕೊರತೆಯು ಕಂಡುಬಂದರೆ ಬರಿಯ ದೂರನ್ನು ಹೇಳದೆ, ಎಷ್ಟು ಸ್ಥಳ, ಯಾವ ಲೋಪ, ಎಷ್ಟು ಕಾಲದಿಂದ ಎಂಬುದನ್ನು ಅಂಕಿಗಳಲ್ಲಿ ಬರೆದು ಪ್ರತಿನಿಧಿಗಳಿಗೆ ಒಪ್ಪಿಸುವುದು. ಮೂರನೆಯದು, ಬೆಳೆ, ದನ, ಬಾವಿ, ಹಿಡುವಳಿಗಳ ಗಣತಿಗಾಗಿ ಸರ್ಕಾರದವರು ತಮ್ಮ ಗ್ರಾಮಕ್ಕೆ ಬಂದಾಗ ಇದ್ದುದನ್ನು ಇದ್ದಂತೆಯೇ ಬರೆಯಿಸುವುದು. ಕಂದಾಯದ ಭಯದಿಂದ ಕಡಮೆಯನ್ನೂ ಪರಿಹಾರದ ಆಸೆಯಿಂದ ಹೆಚ್ಚನ್ನೂ ಹೇಳಿದ ಗ್ರಾಮದ ಅಂಕಿಗಳನ್ನು ನಂಬಿ ಯಾವ ಕೆರೆಯ ದುರಸ್ತಿಯೂ ಯಾವ ಬೀಜದ ಹಂಚಿಕೆಯೂ ಸರಿಯಾಗಿ ನಡೆಯಲಾರದು. ವಿಶ್ವವಿದ್ಯಾಲಯದ ಪಂಡಿತರಿಗೂ ಗ್ರಾಮದ ಹಿರಿಯರಿಗೂ ಈ ಕರ್ತವ್ಯವು ಒಂದೇ ಸಮನಾಗಿದೆ.