ಭಾನುವಾರದ ಬೆಟ್ಟ: ಹೊರಡುವ ಮುನ್ನ ಹೃದಯವನ್ನೂ ಒಂದು ಮಾತು ಕೇಳಿ



ಮಳೆ ನಿಂತು ಅಕ್ಟೋಬರ್ ಬಂದರೆ ಸಾಕು, ನಮ್ಮ ಕನ್ನಡ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: "ಈ ಭಾನುವಾರ ಎಲ್ಲಿಗೆ?" ಪುಣೆಯವರು ಸಿಂಹಗಡ, ಲೋಹಗಡ ಅನ್ನುತ್ತಾರೆ. ಮುಂಬೈಯವರು ಕಾನ್ಹೇರಿ ಗುಹೆಗಳ ಕಡೆ ನೋಡುತ್ತಾರೆ. ಹೈದರಾಬಾದಿನವರು ವಿಕಾರಾಬಾದ್ ಹತ್ತಿರದ ಅನಂತಗಿರಿಗೆ ಹೊರಡುತ್ತಾರೆ. ತುಂಬಾ ಒಳ್ಳೆಯದು. ಬೆಟ್ಟದ ನಡಿಗೆ ಬಿಪಿ, ಸಕ್ಕರೆ, ತೂಕ, ಮನಸ್ಸು ನಾಲ್ಕಕ್ಕೂ ಮದ್ದು. ಆದರೆ ವಾರದ ಆರು ದಿನ ಕುರ್ಚಿಯಲ್ಲಿ ಕುಳಿತ ದೇಹ ಏಳನೇ ದಿನ ಒಮ್ಮೆಲೇ ಕೋಟೆ ಹತ್ತಿದರೆ ಆ ಮದ್ದೇ ಅಪಾಯ ತರಬಹುದು. ರೂಢಿಯಿಲ್ಲದವರು ದಿಢೀರನೆ ಭಾರೀ ಶ್ರಮ ಪಟ್ಟಾಗ, ಆ ಹೊತ್ತಿನಲ್ಲಿ ಹೃದಯಾಘಾತದ ಸಾಧ್ಯತೆ ಹೆಚ್ಚುತ್ತದೆ. ದಿನವೂ ನಡೆಯುವವರಲ್ಲಿ ಈ ಅಪಾಯ ಬಹಳ ಕಡಿಮೆ. ಇನ್ನೊಂದು ವಿಷಯ ನೆನಪಿಡಿ: ನಮ್ಮ ಭಾರತೀಯರಿಗೆ ಹೃದಯಾಘಾತ ಬೇರೆ ದೇಶದವರಿಗಿಂತ ಸರಾಸರಿ 5-6 ವರ್ಷ ಮೊದಲೇ ಬರುತ್ತದೆ. "ನನಗಿನ್ನೂ ನಲವತ್ತೈದು" ಎಂಬುದು ರಕ್ಷಣೆಯಲ್ಲ.

ಹಾಗಾದರೆ ಬೆಟ್ಟ ಬೇಡವೇ? ಖಂಡಿತ ಬೇಕು. ಲೆಕ್ಕ ಹಾಕಿ ಹೋಗೋಣ.

*1. ದೂರ ನೋಡಬೇಡಿ, ಏರು ನೋಡಿ*

"ಬರೀ ಮೂರು ಕಿಲೋಮೀಟರ್" ಎಂದು ಯಾರಾದರೂ ಹೇಳಿದರೆ, "ಎಷ್ಟು ಮೀಟರ್ ಏರಬೇಕು?" ಎಂದು ಕೇಳಿ. ಸಿಂಹಗಡಕ್ಕೆ ಆತಕರವಾಡಿಯಿಂದ ಕಾಲುದಾರಿ ಸುಮಾರು ಮೂರು ಕಿಲೋಮೀಟರಿಗೂ ಕಡಿಮೆ. ಆದರೆ ಏರು ಸುಮಾರು 600 ಮೀಟರ್. ಒಂದು ಮಹಡಿಗೆ 3 ಮೀಟರ್ ಎಂದರೂ 200 ಮಹಡಿ! ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಹೆಮ್ಮೆ ಇದ್ದವರಿಗೂ ಇದು ಅದಕ್ಕಿಂತ ಬಹಳ ದೊಡ್ಡ ಏರು.

ಈ ಏರನ್ನು ಮನೆಯಲ್ಲೇ ಕುಳಿತು ತಿಳಿಯಬಹುದು. ಗೂಗಲ್ ಮ್ಯಾಪ್‌ನಲ್ಲಿ ಟೆರೇನ್ ನೋಟ ಹಾಕಿದರೆ ಸಮ ಎತ್ತರದ ಗೆರೆಗಳು ಕಾಣುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಲೀಸು. ಸರ್ವೇ ಆಫ್ ಇಂಡಿಯಾದ ನಕ್ಷೆಗಳೂ ಅದರ ಜಾಲತಾಣದಲ್ಲಿ ಸಿಗುತ್ತವೆ.

*2. ಸಮಯದ ಲೆಕ್ಕ*

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬವರು ಒಂದು ಸರಳ ಸೂತ್ರ ಕೊಟ್ಟರು. ಇಂದಿಗೂ ಚಾರಣಿಗರು ಅದನ್ನೇ ಬಳಸುತ್ತಾರೆ: ಪ್ರತಿ 5 ಕಿ.ಮೀ.ಗೆ 1 ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸಿಂಹಗಡಕ್ಕೆ ಇದು ಸುಮಾರು ಒಂದೂವರೆ ಗಂಟೆ. ಆದರೆ ಇದು ಗಟ್ಟಿಮುಟ್ಟಾದ ಚಾರಣಿಗನ ಲೆಕ್ಕ. ಮಕ್ಕಳು, ಅತ್ತೆ-ಮಾವ ಇರುವ ಕುಟುಂಬ ಅರ್ಧ ಪಾಲು ಹೆಚ್ಚಿಗೆ ಸೇರಿಸಿಕೊಳ್ಳಬೇಕು. ಹತ್ತಲು ಎರಡೂಕಾಲು ಗಂಟೆ, ಮೇಲೆ ಒಂದು ಗಂಟೆ, ಇಳಿಯಲು ಒಂದೂವರೆ ಗಂಟೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಹನ್ನೊಂದರೊಳಗೆ ಕೆಳಗಿರುತ್ತೀರಿ. ಒಂಬತ್ತಕ್ಕೆ ಶುರು ಮಾಡಿದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ.

*3. ನಿಮ್ಮ ಅಳತೆಗೆ ತಕ್ಕ ಬೆಟ್ಟ*

ಮೊದಲು ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲೇ ಪರೀಕ್ಷೆ. ಎರಡು ಮಹಡಿಯನ್ನು ನಿಲ್ಲದೆ, ಎದೆ ಹಿಡಿಯದೆ, ತೀರಾ ಏದುಸಿರು ಬರದೆ ಹತ್ತಲು ಆಗದಿದ್ದರೆ ಬೆಟ್ಟವನ್ನು ಮುಂದೂಡಿ ವೈದ್ಯರನ್ನು ಕಾಣಿ. ಆಗುತ್ತದೆ ಎಂದಾದರೆ ಆರು ವಾರ ಹೀಗೆ ತಯಾರಾಗಿ: ವಾರಕ್ಕೆ ಐದು ದಿನ 30 ನಿಮಿಷ ಬಿರುಸು ನಡಿಗೆ, ಮೂರನೇ ವಾರದಿಂದ ಅದರಲ್ಲಿ ಎರಡು ದಿನ ಮೆಟ್ಟಿಲು. ಪುಣೆಯವರಿಗೆ ಪರ್ವತಿ ಗುಡ್ಡದ ಮೆಟ್ಟಿಲುಗಳೇ ಒಳ್ಳೆಯ ಅಭ್ಯಾಸ. ಮುಂಬೈಯವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ರಸ್ತೆ ಸಾಕು (ಸೋಮವಾರ ಮುಚ್ಚಿರುತ್ತದೆ). ಚೆನ್ನೈಯವರು ತಿರುವಣ್ಣಾಮಲೈನ 14 ಕಿ.ಮೀ. ಗಿರಿಪ್ರದಕ್ಷಿಣೆಯನ್ನು ತಂಪು ಹೊತ್ತಿನಲ್ಲಿ ಮಾಡಬಹುದು. ಅಲ್ಲಿ ಏರಿಲ್ಲ, ಆದರೆ ದೂರವಿದೆ. ದೆಹಲಿಯವರು ಚಳಿಗಾಲದಲ್ಲಿ ಗಾಳಿಯ ಗುಣಮಟ್ಟದ ಸಂಖ್ಯೆ ನೋಡಿಯೇ ಹೊರಡಿ. 200 ದಾಟಿದ ದಿನ ಹೃದ್ರೋಗಿಗಳು ಮನೆಯೊಳಗೇ ವ್ಯಾಯಾಮ ಮಾಡುವುದು ಲೇಸು. 1,646 ಮೀಟರ್ ಎತ್ತರದ, ಕಬ್ಬಿಣದ ಏಣಿಗಳಿರುವ ಕಳಸೂಬಾಯಿ ಯಾರಿಗೂ ಮೊದಲ ಬೆಟ್ಟ ಆಗಬಾರದು.

ಸಹ್ಯಾದ್ರಿಗೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಜೋರು ಮಳೆಯಲ್ಲಿ ಕಲ್ಲು ಜಾರುತ್ತದೆ, ಮಂಜಿನಲ್ಲಿ ದಾರಿ ತಪ್ಪುತ್ತದೆ.

*4. ವೈದ್ಯರನ್ನು ಮೊದಲೇ ಕಾಣಬೇಕಾದವರು*

ಸ್ಟೆಂಟ್ ಅಥವಾ ಬೈಪಾಸ್ ಆದವರು. ಹತ್ತುವಾಗ ಎದೆ ಬಿಗಿಯುವವರು. ಕಾರಣವಿಲ್ಲದೆ ತಲೆಸುತ್ತಿ ಬಿದ್ದವರು. ಬಿಪಿ ಅಥವಾ ಸಕ್ಕರೆ ಹತೋಟಿಯಲ್ಲಿ ಇಲ್ಲದವರು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ನೀವೂ. ಸ್ಟೆಂಟ್ ಆದವರೆಲ್ಲ ಬೆಟ್ಟ ಬಿಡಬೇಕೆಂದಿಲ್ಲ, ತಪಾಸಣೆಯ ನಂತರ ಅನೇಕರು ಧೈರ್ಯವಾಗಿ ಹತ್ತುತ್ತಾರೆ.

ಬೆಟ್ಟದ ದಿನ ಬಿಪಿ ಮಾತ್ರೆ ತಪ್ಪಿಸಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅಂದು ಹೇಗೆಂದು ವೈದ್ಯರಲ್ಲಿ ಮೊದಲೇ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನು ತಗ್ಗಿಸುತ್ತವೆ. ಅಂಥವರು ವಾಚಿನ ನಾಡಿ ಸಂಖ್ಯೆ ನಂಬದೆ *ಮಾತಿನ ಪರೀಕ್ಷೆ* ಮಾಡಿ: ಹತ್ತುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಲ್ಲಿ.

*5. ಊರಿಂದ ಬಂದ ಅಪ್ಪ-ಅಮ್ಮ*

ಇದನ್ನು ವಿಶೇಷವಾಗಿ ಓದಿ. ದೀಪಾವಳಿಗೆ ಬಂದ ಹಿರಿಯರು "ನಾನು ಹೊಲದಲ್ಲಿ ದುಡಿದವನು, ನನಗೇನಾಗುತ್ತೆ" ಅನ್ನುತ್ತಾರೆ. ಹೊಲ ಬಿಟ್ಟು ಹತ್ತು ವರ್ಷವಾಗಿರುತ್ತದೆ. ಆಯಾಸವಾದರೂ ಮಗನ ಸಂತೋಷ ಕೆಡಬಾರದೆಂದು ಬಾಯಿ ಬಿಡುವುದಿಲ್ಲ. ನಿಮಗೆ ಮರಾಠಿ, ತೆಲುಗು ಬರುತ್ತದೆ, ಅವರಿಗೆ ಬರುವುದಿಲ್ಲ. ಗುಂಪು ತಪ್ಪಿದರೆ ಯಾರಿಗೆ ಏನೆಂದು ಹೇಳಿಯಾರು? ಆದ್ದರಿಂದ ಅವರ ಜೇಬಿನಲ್ಲಿ ಒಂದು ಚೀಟಿ ಇಡಿ: ಹೆಸರು, ಕಾಯಿಲೆ, ಮಾತ್ರೆ, ನಿಮ್ಮ ಫೋನ್ ನಂಬರ್. ಅದನ್ನು ಸ್ಥಳೀಯ ಭಾಷೆಯಲ್ಲೋ ಹಿಂದಿಯಲ್ಲೋ ಬರೆಯಿರಿ. ಗುಂಪಿನ ವೇಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವಾಗಿರಲಿ.

ಸಿಂಹಗಡದ ಮೇಲಿನವರೆಗೂ ವಾಹನದ ರಸ್ತೆ ಇದೆ. ಹಿರಿಯರು ಗಾಡಿಯಲ್ಲಿ ಬರಲಿ, ನೀವು ನಡೆದು ಹೋಗಿ, ಮೇಲೆ ಎಲ್ಲರೂ ಸೇರಿ. ಪಿಠಲ-ಭಾಕರಿ ನಮ್ಮ ಝುಣಕ-ರೊಟ್ಟಿಯ ನೆಂಟನೇ. ಹಿತಮಿತವಾಗಿ ತಿಂದು, ಅರ್ಧ ಗಂಟೆ ಕುಳಿತು ಇಳಿಯಿರಿ. ಹೊಟ್ಟೆ ಬಿರಿಯುವಂತೆ ತಿಂದು ಬಿಸಿಲಿಗೆ ಇಳಿಯಬೇಡಿ.

*6. ಎದೆ ಹಿಡಿದರೆ "ಗ್ಯಾಸ್" ಅನ್ನಬೇಡಿ*

ಎದೆ ಬಿಗಿತ, ಭಾರ, ದವಡೆಗೋ ತೋಳಿಗೋ ಹರಡುವ ನೋವು, ತಣ್ಣನೆಯ ಬೆವರು, ಇವು ಎಚ್ಚರಿಕೆ. ಮಹಿಳೆಯರಲ್ಲಿ, ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಇರಬಹುದು. ಆಗ ಹೀಗೆ ಮಾಡಿ:

• ಅಲ್ಲೇ ಕೂರಿಸಿ. "ಇನ್ನು ಸ್ವಲ್ಪವೇ ಇದೆ" ಎಂದು ನಡೆಸಬೇಡಿ, ಮೇಲಕ್ಕೂ ಬೇಡ, ಕೆಳಕ್ಕೂ ಬೇಡ.
• 112 ಅಥವಾ 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೆ ಒಬ್ಬರು ಓಡಲಿ, ಒಬ್ಬರು ಜೊತೆಗಿರಲಿ. ಅಂಗಡಿಯವರು, ಹಳ್ಳಿಯವರು ಹೊತ್ತು ಇಳಿಸಲು ನೆರವಾಗುತ್ತಾರೆ.
• ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲಿ.
• ನಾಲಿಗೆಯಡಿ ಇಡುವ ಮಾತ್ರೆಯನ್ನು ಅವರಿಗೇ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ, ಕುಳಿತೇ ಬಳಸಲಿ. ಬೇರೆಯವರ ಮಾತ್ರೆ ಬೇಡ.
• ಪ್ರಜ್ಞೆ ತಪ್ಪಿ ಸಹಜ ಉಸಿರಾಟ ನಿಂತರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ. ಮನೆಗೊಬ್ಬರು ಇದನ್ನು ಕಲಿತಿರಲಿ.

*7. ಹೊರಡುವ ಹಿಂದಿನ ರಾತ್ರಿ*

ತಲೆಗೆ ಎರಡು ಲೀಟರ್ ನೀರು, ಓಆರ್‌ಎಸ್ ಪುಡಿ, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಟೋಪಿ, ಹಿಡಿತವಿರುವ ಶೂ, ಆಸ್ಪಿರಿನ್, ತುಂಬಿದ ಫೋನ್ ಚಾರ್ಜ್. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಕಡಿಮೆ ಕುಡಿಯಲು ಹೇಳಿದ್ದರೆ ನಿಮ್ಮ ಅಳತೆಯನ್ನೂ, ಓಆರ್‌ಎಸ್ ಬಗ್ಗೆಯೂ ವೈದ್ಯರಲ್ಲಿ ಕೇಳಿ. ಜ್ವರ, ನೆಗಡಿ, ನಿದ್ದೆಗೆಟ್ಟ ರಾತ್ರಿ ಇದ್ದರೆ ಕಾರ್ಯಕ್ರಮ ರದ್ದು. ಮನೆಯಲ್ಲಿ ಉಳಿದವರಿಗೆ ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಬರೆದು ಕಳಿಸಿ.

ಮತ್ತೊಂದು ಮಾತು. ನಮ್ಮ ಮನೆಗಳ ಹೆಣ್ಣುಮಕ್ಕಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿ, ಬೆಟ್ಟದ ಬುಡದಲ್ಲಿ ಚೀಲ ಕಾಯುತ್ತಾ ಕೂರುವುದು ನಿಲ್ಲಲಿ. ಬುತ್ತಿಯನ್ನು ಎಲ್ಲರೂ ಸೇರಿ ಕಟ್ಟಿ. ನಡಿಗೆಯ ಅಗತ್ಯ ಅವರ ಹೃದಯಕ್ಕೂ ಅಷ್ಟೇ ಇದೆ.

ತುದಿ ಮುಟ್ಟದೆ ಅರ್ಧ ದಾರಿಯಿಂದ ಮರಳಿದರೆ ಅವಮಾನವೇನೂ ಇಲ್ಲ. ಕೋಟೆ ನೂರಾರು ವರ್ಷಗಳಿಂದ ಅಲ್ಲೇ ಇದೆ, ಮುಂದಿನ ಭಾನುವಾರವೂ ಇರುತ್ತದೆ. ನೀವೂ ಇರಬೇಕು.

ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಔಷಧಿಯ ಬದಲಾವಣೆ ನಿಮ್ಮ ವೈದ್ಯರ ಸಲಹೆಯಂತೆಯೇ ಆಗಲಿ. ಈ ವಾರ ಬೆಟ್ಟಕ್ಕೆ ಹೊರಟಿರುವ ಒಬ್ಬರಿಗಾದರೂ ಇದನ್ನು ತಪ್ಪದೆ ಕಳುಹಿಸಿ.